ಡಿಸೆಂಬರದ ಶಿಬಿರಕ್ಕೆ ಗುಡ್ಡೆಯೋ, ಬೈಲೋ?

ಡಿಸೆಂಬರ್ ಬಂತೆಂದರೆ ಕಾಸರಗೋಡಿನ ಕುಂಬಳೆ, ಪೆರ್ಲ, ಬದಿಯಡ್ಕ ಕಡೆಯ ಯುವಕ ಮಂಡಲಗಳಲ್ಲಿ ಒಂದು ಚರ್ಚೆ ಖಾಯಂ: ಈ ಸಲದ ರಾತ್ರಿ ಶಿಬಿರ ಎಲ್ಲಿ? ಹುಡುಗರಿಗೆ ಪೊಸಡಿಗುಂಪೆಯಂಥ ಗುಡ್ಡೆಯ ತುದಿಯೇ ಆಗಬೇಕು. ಹಿರಿಯರು ಒಪ್ಪುವುದಿಲ್ಲ. "ಮೇಲೆ ಚಳಿ ಮಾರಾಯ, ಸಣ್ಣ ಮಕ್ಕಳು ಇದ್ದಾರೆ. ಕೆಳಗೆ ಬೈಲಿನಲ್ಲಿ ತೋಡಿನ ಬದಿಯ ಗದ್ದೆ ಸಾಕು" ಎನ್ನುತ್ತಾರೆ. ನೀರು ಹತ್ತಿರ, ನೆಲ ಸಮತಟ್ಟು, ಕೊಯ್ಲು ಮುಗಿದು ಗದ್ದೆಯೂ ಖಾಲಿ. ಎಲ್ಲ ಸರಿಯೇ, ಚಳಿಯ ಲೆಕ್ಕ ಮಾತ್ರ ತಲೆಕೆಳಗು. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಊರಿಗೆಲ್ಲ ಹೆಚ್ಚು ತಣ್ಣಗಾಗುವುದು ಆ ಗದ್ದೆಯೇ.

ಎತ್ತರಕ್ಕೆ ಹೋದಂತೆ ತಂಪು ಎಂಬುದು ಸುಳ್ಳಲ್ಲ. ಸರಾಸರಿ ಒಂದು ಕಿಲೋಮೀಟರ್ ಏರಿದರೆ ಉಷ್ಣತೆ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಸಾವಿರ ಅಡಿಯ ಗುಡ್ಡೆಗೆ ಆ ಲೆಕ್ಕದಲ್ಲಿ ಬರುವುದು ಬರೇ 2 ಡಿಗ್ರಿ. ಅದೂ ಬಿಸಿಲಿಗೆ ಕಾದ ಗಾಳಿ ಮೇಲೆ ಕೆಳಗೆ ಕಲೆಯುತ್ತಿರುವ ಹಗಲಿನ ಮಾತು. ರಾತ್ರಿಯ ಕತೆ ಬೇರೆ.

ಸೂರ್ಯ ಮುಳುಗಿದ ಮೇಲೆ ನೆಲ, ಹುಲ್ಲು, ಕಲ್ಲು, ನಮ್ಮ ಹೊದಿಕೆ ಎಲ್ಲವೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಶಾಖವನ್ನು ಆಕಾಶಕ್ಕೆ ಬಿಡುತ್ತಲೇ ಇರುತ್ತವೆ. ಮಳೆಗಾಲದಲ್ಲಿ ಮೋಡ ಮತ್ತು ನೀರಾವಿ ಅದರ ಬಹುಪಾಲನ್ನು ಮರಳಿ ನೆಲಕ್ಕೇ ಕಳಿಸುತ್ತವೆ. ಚಳಿಗಾಲದ ಒಣ ಆಕಾಶದಿಂದ ಹಿಂತಿರುಗಿ ಬರುವುದು ಕಡಿಮೆ. ಹಾಗಾಗಿ ಆಕಾಶಕ್ಕೆ ತೆರೆದುಕೊಂಡ ವಸ್ತು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಬಲ್ಲದು. ಹಿಂದೆ ಅಲಹಾಬಾದಿನಲ್ಲಿ ಇದೇ ಉಪಾಯದಿಂದ ಮಂಜುಗಡ್ಡೆ ಮಾಡುತ್ತಿದ್ದರು. ಹುಲ್ಲು, ಕಬ್ಬಿನ ಸಿಪ್ಪೆ ಹಾಸಿದ ಗುಂಡಿಗಳಲ್ಲಿ ಮಣ್ಣಿನ ಪುಟ್ಟ ತಟ್ಟೆಗಳಿಗೆ ನೀರು ಹಾಕಿಟ್ಟರೆ ಬೆಳಗಾಗುವಾಗ ಮೇಲೆ ಮಂಜುಗಡ್ಡೆ ಕಟ್ಟಿರುತ್ತಿತ್ತು. ರಾಬರ್ಟ್ ಬಾರ್ಕರ್ ಎಂಬ ಇಂಗ್ಲಿಷ್ ಸೇನಾಧಿಕಾರಿ 1775ರಲ್ಲಿ ಇದನ್ನು ವಿವರವಾಗಿ ಬರೆದಿದ್ದಾನೆ. ಗಾಳಿ ಸೊನ್ನೆ ಡಿಗ್ರಿಗೆ ಇಳಿಯಬೇಕೆಂದೇನೂ ಇರಲಿಲ್ಲ, ತಟ್ಟೆಯ ಮೇಲೆ ಆಕಾಶ ಬೋಳಾಗಿದ್ದರಾಯಿತು.

ನೆಲ ತಣ್ಣಗಾದರೆ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ತೂಕ ಹೆಚ್ಚಿಸಿಕೊಳ್ಳುತ್ತದೆ. 25 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿಯ ತೂಕ ಸುಮಾರು 1.18 ಕಿಲೋ, 15 ಡಿಗ್ರಿಯಲ್ಲಿ 1.23 ಕಿಲೋ. ಅಂತರ ಚಿಕ್ಕದು, ಆದರೆ ಇಳಿಜಾರಿನಲ್ಲಿ ಇಳಿಯಲು ಅಷ್ಟು ಧಾರಾಳ ಸಾಕು. ರಾತ್ರಿಯಿಡೀ ಗುಡ್ಡೆಯ ಮೈಮೇಲಿನ ತಂಪು ಗಾಳಿ ನೀರಿನ ಹಾಗೆ ಸದ್ದಿಲ್ಲದೆ ಕೆಳಗೆ ಹರಿದು ಬೈಲಿನಲ್ಲಿ ತುಂಬುತ್ತದೆ, ಎತ್ತರದ ರಸ್ತೆಯ ದಿಬ್ಬವೋ ದಟ್ಟ ತೋಟವೋ ಅಡ್ಡ ಇದ್ದಲ್ಲಿ ಇನ್ನಷ್ಟು ಆಳಕ್ಕೆ. ಊಟಿ, ಮುನ್ನಾರ್‌ಗಳ ಚಹಾ ಬೆಳೆಗಾರರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ: ಚಳಿಗಾಲದ ಹಿಮಕ್ಕೆ ಮೊದಲು ಸುಟ್ಟು ಹೋಗುವುದು ತಗ್ಗಿನಲ್ಲಿರುವ ಗಿಡಗಳು.

ನಮ್ಮ ಕಡೆ ಇದನ್ನು ನೋಡಲು ಉಪಕರಣ ಬೇಡ. ಜನವರಿಯ ಒಂದು ಬೆಳಿಗ್ಗೆ ಆರೂವರೆಗೆ ಪೊಸಡಿಗುಂಪೆಯ ನೆತ್ತಿಯಲ್ಲಿ ನಿಂತು ಕೆಳಗೆ ನೋಡಬೇಕು. ಬೈಲು ಬೈಲುಗಳಲ್ಲಿ ಬಿಳಿ ಮಂಜು ಮಡುಗಟ್ಟಿರುತ್ತದೆ, ಕಂಗಿನ ತಲೆಗಳಷ್ಟೇ ಮೇಲೆ ಕಾಣುತ್ತವೆ. ಗುಡ್ಡೆಯ ನಡುಭಾಗದ ಮನೆಗಳು ಮಾತ್ರ ಸ್ವಚ್ಛ. ಫೋಟೊ ತೆಗೆದು ವಾಟ್ಸಾಪಿಗೆ ಹಾಕುವ ಮೊದಲು ಆ ಮಂಜಿನ ಅಂಚು ಎಲ್ಲಿದೆ ಎಂದು ಗುರುತು ಮಾಡಿಕೊಳ್ಳಿ. ಅದಕ್ಕಿಂತ ಮೇಲೆ ಟೆಂಟು ಹಾಕಿದರಾಯಿತು.

ಹಾಗಾದರೆ ನೆತ್ತಿಯೇ ಆಗಬಹುದಲ್ಲ? ಅಲ್ಲಿ ಗಾಳಿಯ ಕಾಟ. ಮೈಗೆ ತಾಗಿ ಬೆಚ್ಚಗಾದ ಗಾಳಿಯ ತೆಳು ಪದರವನ್ನು ಅದು ಕ್ಷಣಕ್ಷಣಕ್ಕೂ ಹೊತ್ತೊಯ್ಯುತ್ತದೆ. ಮೇಲಾಗಿ ಪದವಿನ, ಅಂದರೆ ಗುಡ್ಡೆಯ ಮೇಲಿನ ಬೋಳು ನೆಲದ, ಮುಳಿ ಹುಲ್ಲು ಆ ಹೊತ್ತಿಗೆ ಒಣಗಿ ನಿಂತಿರುತ್ತದೆ. ಶಿಬಿರವೆಂದ ಮೇಲೆ ಬೆಂಕಿ ಹಾಕದೆ ಬಿಡುವವರು ಯಾರು? ಒಂದು ಕಿಡಿ ಸಾಕು.

ನನ್ನನ್ನು ಕೇಳಿದರೆ, ನಡುಗುಡ್ಡೆಯ ಪೂರ್ವದ ಮಗ್ಗುಲು, ಅದರಲ್ಲೂ ಗೇರುಮರಗಳಿರುವ ಜಾಗ. ಪೂರ್ವ ಏಕೆಂದರೆ ರಾತ್ರಿಯ ಅತಿ ತಂಪು ಹೊತ್ತು ಸೂರ್ಯೋದಯದ ಆಸುಪಾಸಿನದು, ನಿದ್ದೆಯಲ್ಲಿ ನಮ್ಮ ದೇಹದ ಉಷ್ಣತೆ ತೀರ ಕೆಳಗಿಳಿಯುವುದೂ ಬೆಳಗಿನ ಜಾವದಲ್ಲೇ. ಆಗ ಒಂದು ಗಂಟೆ ಮೊದಲು ಬಿಸಿಲು ಬಿದ್ದರೆ ದೊಡ್ಡ ಉಪಕಾರ. ಗೇರುಮರ ಏಕೆಂದರೆ ಅದರ ಕೊಂಬೆಗಳು ತಗ್ಗಾಗಿ ಹರಡಿ ಆಕಾಶವನ್ನು ಮರೆ ಮಾಡುತ್ತವೆ. ತೆಂಗಿನ ಮರದಡಿ ಮಲಗುವ ಸಾಹಸ ಬೇಡ, ಕಾರಣ ಹೇಳಬೇಕಿಲ್ಲ. ಗೇರಿನ ತರಗೆಲೆಯನ್ನು ಮಾತ್ರ ದೂರಕ್ಕೆ ಗುಡಿಸಿ ಹಾಕಲೇಬೇಕು. ಚೇಳು, ಹಾವಿನ ಭಯ ಒಂದು, ಪೊದೆಯಂಚಿನ ಕಣ್ಣಿಗೆ ಕಾಣದಷ್ಟು ಸಣ್ಣ ಹುಳಗಳ ಕಡಿತದಿಂದ ಬರುವ ಸ್ಕ್ರಬ್ ಟೈಫಸ್ ಜ್ವರ ಇನ್ನೊಂದು.

ನೆಲದ ವಿಷಯದಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪಾರೆ ಮೋಸಗೊಳಿಸುವಂಥದ್ದು. ಹಗಲಿಡೀ ಕಾದು ರಾತ್ರಿ ಎಂಟಕ್ಕೂ ಬೆನ್ನಿಗೆ ಹಿತ. ಹುಲ್ಲಿನಷ್ಟು ಬೇಗ ಇದು ತಣಿಯುವುದಿಲ್ಲ, ಕೆಳಗಿನ ಶಾಖ ಮೇಲಕ್ಕೆ ಬರುತ್ತಿರುತ್ತದೆ, ಇಬ್ಬನಿಯೂ ಕಡಿಮೆ. ಆದರೆ ನಡುರಾತ್ರಿಯ ಅನಂತರ ಅದೇ ಕಲ್ಲು ಬೆನ್ನಿನ ಬಿಸಿಯನ್ನು ಎಳೆದುಕೊಳ್ಳಲು ಶುರುಮಾಡುತ್ತದೆ. ಮೇಲೆ ಎರಡು ಕಂಬಳಿ ಹೊದೆಯುವುದಕ್ಕಿಂತ ಕೆಳಗೆ ನಾಲ್ಕು ಬೆರಳು ದಪ್ಪ ಬೈಹುಲ್ಲು ಹಾಸಿ ಮೇಲೆ ಚಾಪೆ ಹಾಕುವುದು ಲೇಸು. ಹುಲ್ಲಿನೊಳಗೆ ಸಿಕ್ಕಿಬಿದ್ದ ಗಾಳಿ ಶಾಖವನ್ನು ಸುಲಭಕ್ಕೆ ದಾಟಿಸುವುದಿಲ್ಲ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿ ದಾಟಿಸುತ್ತದೆ. ಹಾಗಾಗಿ ಒದ್ದೆ ಹುಲ್ಲು, ಒದ್ದೆ ಕಂಬಳಿ ಇದ್ದೂ ಇಲ್ಲದಂತೆ.

ಟೆಂಟಿನ ಒಳಗೂ ಒದ್ದೆಯಾಗುತ್ತದೆ. ಒಬ್ಬರು ರಾತ್ರಿಯೊಂದರಲ್ಲಿ ಉಸಿರು ಮತ್ತು ಚರ್ಮದ ಮೂಲಕ ಸುಮಾರು ಕಾಲು ಲೀಟರ್ ನೀರನ್ನು ಆವಿಯಾಗಿ ಬಿಡುತ್ತಾರೆ. ಆರು ಮಂದಿ ಮಲಗಿ ಜಿಪ್ ಪೂರ್ತಿ ಎಳೆದುಕೊಂಡರೆ ಬೆಳಿಗ್ಗೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತದೆ, ಟೆಂಟು ಸೋರಿತೆಂದು ಅಂಗಡಿಯವನಿಗೆ ಬೈಗುಳ. ಕಿಟಕಿ ಸ್ವಲ್ಪ ತೆರೆದಿರಲಿ. ಮತ್ತು ತೆಂಗಿನ ಗೆರಟೆಯ ಕೆಂಡವನ್ನು ಎಂದಿಗೂ ಒಳಗೆ ತರಬಾರದು. ಅದು ಬಿಡುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮಲಗಿದವರು ಏಳುವುದೇ ಇಲ್ಲ.

ಬೆಳಿಗ್ಗೆ ಮುಖ ತೊಳೆಯಲು ಹತ್ತಿರದಲ್ಲಿ ಸುರಂಗದ, ಅಂದರೆ ನೀರಿಗಾಗಿ ಗುಡ್ಡೆಯೊಳಗೆ ಅಡ್ಡಲಾಗಿ ಕೊರೆದ ಬಿಲದ, ನೀರಿದ್ದರೆ ಅದೃಷ್ಟ. ಗುಡ್ಡೆಯ ಒಡಲಿನ ನೀರಿನ ಉಷ್ಣತೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ, ಹಾಗಾಗಿ ಚಳಿಯ ಹೊತ್ತಿಗೆ ಅದು ಬೆಚ್ಚಗೆನಿಸುತ್ತದೆ. ಹುಡುಗರು ಸುರಂಗದೊಳಗೆ ನುಗ್ಗದಂತೆ ಒಬ್ಬರು ಕಾಯಬೇಕಷ್ಟೆ. ಕಾರಡ್ಕ, ದೇಲಂಪಾಡಿ ಕಡೆ ಆನೆ ಓಡಾಡುವ ಜಾಗಗಳನ್ನು ಪಟ್ಟಿಯಿಂದಲೇ ತೆಗೆದುಬಿಡಿ, ರಾಣಿಪುರದಂಥ ಕಾಡಾದರೆ ಅರಣ್ಯ ಇಲಾಖೆಯನ್ನು ಕೇಳದೆ ರಾತ್ರಿ ಉಳಿಯುವಂತಿಲ್ಲ.

ಗುಡ್ಡೆಯೋ ಬೈಲೋ ಎಂಬ ಜಗಳ ಆಮೇಲೂ ಮುಗಿಯದಿದ್ದರೆ ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಮಾಡಿದ್ದನ್ನು ಮಾಡಬಹುದು. ಇಬ್ಬನಿ ಆಕಾಶದಿಂದ ಉದುರುತ್ತದೆಂದು ಅನೇಕರು ನಂಬಿದ್ದ ಕಾಲದಲ್ಲಿ ಆತ ತೂಕ ಮಾಡಿದ ಉಣ್ಣೆಯ ಉಂಡೆಗಳನ್ನು ರಾತ್ರಿ ಬಯಲಿನಲ್ಲಿಟ್ಟು, ಬೆಳಿಗ್ಗೆ ಮತ್ತೆ ತೂಗಿದ. ಹಲಗೆಯ ಮೇಲಿಟ್ಟ ಉಣ್ಣೆ ತುಂಬ ತೇವ ಹೀರಿತ್ತು, ಅದೇ ಹಲಗೆಯ ಅಡಿಗೆ ಕಟ್ಟಿದ್ದು ಸ್ವಲ್ಪವೇ. ಆಕಾಶ ಕಾಣುವ ವಸ್ತು ಹೆಚ್ಚು ತಣಿದು, ಗಾಳಿಯ ಆವಿಯನ್ನು ತನ್ನ ಮೇಲೆ ನೀರಾಗಿಸಿಕೊಳ್ಳುತ್ತದೆ ಎಂದು ಆತ 1814ರಲ್ಲಿ ಪ್ರಕಟಿಸಿದ. ಯುವಕ ಮಂಡಲಕ್ಕೆ ಹತ್ತಿ ಸಾಕು, ಜತೆಗೆ ಚಿನ್ನದಂಗಡಿಯಲ್ಲಿರುವಂಥ ಒಂದು ಸಣ್ಣ ತಕ್ಕಡಿ, ಮೂರು ಥರ್ಮಾಮೀಟರ್. ಶಿಬಿರಕ್ಕೆ ಒಂದು ವಾರ ಮೊದಲೇ ಒಂದು ಸಮತೂಕದ ಉಂಡೆಯನ್ನು ಗದ್ದೆಯಲ್ಲಿ, ಇನ್ನೊಂದನ್ನು ಪದವಿನಲ್ಲಿ, ಮತ್ತೊಂದನ್ನು ಗೇರುಮರದಡಿ ಇಟ್ಟು ಬನ್ನಿ. ಗದ್ದೆಯ ಹತ್ತಿಯನ್ನು ಹಿರಿಯರ ಕೈಯಲ್ಲೇ ಹಿಂಡಿಸಿ.