ಬಿಎಸ್‌ಎನ್‌ಎಲ್: ಟವರ್ ಹೆಚ್ಚಾದರೂ ನಷ್ಟ ಯಾಕೆ? ಒಂದು ಅಧ್ಯಯನ ಟಿಪ್ಪಣಿ

2024ರ ಅಕ್ಟೋಬರ್–ಡಿಸೆಂಬರ್ ತ್ರೈಮಾಸಿಕದಲ್ಲಿ ಬಿಎಸ್‌ಎನ್‌ಎಲ್ 262 ಕೋಟಿ ರೂಪಾಯಿ ಲಾಭ ತೋರಿಸಿತು. 17 ವರ್ಷದ ಮೇಲೆ ಇದೇ ಮೊದಲು ಅಂತ ದೊಡ್ಡ ಸುದ್ದಿಯಾಯಿತು. ಮುಂದಿನ ತ್ರೈಮಾಸಿಕದಲ್ಲಿ 280 ಕೋಟಿ ಲಾಭ ಬಂತು. ಆಮೇಲೆ 2025ರ ಏಪ್ರಿಲ್–ಜೂನ್‌ನಲ್ಲಿ ಸುಮಾರು 1,049 ಕೋಟಿ ನಷ್ಟ. ಜುಲೈ–ಸೆಪ್ಟೆಂಬರ್‌ನಲ್ಲಿ ಸುಮಾರು 1,357 ಕೋಟಿ ನಷ್ಟ. ಇದೇ ಹೊತ್ತಿನಲ್ಲಿ ಕಂಪನಿ ದೇಶದ ತುಂಬಾ 4ಜಿ ಟವರ್ ಹಾಕುತ್ತಿತ್ತು. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿ 97,500ಕ್ಕೂ ಹೆಚ್ಚು ಟವರ್‌ಗಳಿಗೆ ಚಾಲನೆ ಕೊಟ್ಟರು.

ಟವರ್ ಜಾಸ್ತಿ ಆಗುತ್ತಿದೆ, ನಷ್ಟವೂ ಜಾಸ್ತಿ ಆಗುತ್ತಿದೆ. ಸಾರ್ವಜನಿಕ ಉದ್ದಿಮೆಗಳ ಅಧ್ಯಾಯ ಓದುತ್ತಿರುವ ನಮಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗೋದು ಕಷ್ಟ. ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹೋಗುವಾಗ ಒಂದು ಎಳೆ ಕೈಯಲ್ಲಿರಲಿ. ಈ ಕಂಪನಿ ಯಾವಾಗ ಬೆಳೆಯಬೇಕು, ಯಾವ ಬೆಲೆಗೆ, ಯಾರ ಉಪಕರಣದಿಂದ ಎನ್ನುವ ತೀರ್ಮಾನಗಳು ಹೆಚ್ಚಾಗಿ ಕಂಪನಿಯ ಹೊರಗೇ ಆಗಿವೆ. ಖರ್ಚು ಮಾತ್ರ ಕಂಪನಿಯ ಲೆಕ್ಕಕ್ಕೆ ಬಂದಿದೆ.

ಇಲಾಖೆಯ ಕಾಲ

ಟೆಲಿಗ್ರಾಫ್‌ನಿಂದ ಶುರು ಮಾಡುವ ಪುಸ್ತಕಗಳಿವೆ. ನಮಗೆ ಅಷ್ಟು ಬೇಡ. 1885ರ ಟೆಲಿಗ್ರಾಫ್ ಕಾಯ್ದೆ ಸಂಪರ್ಕದ ಏಕಸ್ವಾಮ್ಯವನ್ನು ಸರ್ಕಾರದ ಕೈಗೆ ಕೊಟ್ಟಿತು ಅನ್ನೋದು ನೆನಪಿದ್ದರೆ ಸಾಕು. ಸ್ವಾತಂತ್ರ್ಯ ಬಂದ ಮೇಲೂ ಅಂಚೆ ಮತ್ತು ತಂತಿ ಒಂದೇ ಇಲಾಖೆಯಲ್ಲಿದ್ದವು. ಫೋನ್ ಉಪಕರಣ ಮಾಡಲು 1948ರಲ್ಲಿ ಬೆಂಗಳೂರಿನಲ್ಲಿ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆ ಹುಟ್ಟಿತು. ಅದರ ಸುತ್ತ ಬೆಳೆದ ಬಡಾವಣೆಗೆ ಇವತ್ತಿಗೂ ದೂರವಾಣಿನಗರ ಅಂತಲೇ ಹೆಸರು.

ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು ಆಗ ಮಾಮೂಲು. ಇದನ್ನು ಸಿಬ್ಬಂದಿಯ ಸೋಮಾರಿತನ ಅಂತ ಬರೆದುಬಿಡಬೇಡಿ. ಫೋನ್ ಐಷಾರಾಮದ ವಸ್ತು, ಬಂಡವಾಳ ಮೊದಲು ಬೇರೆ ಕಡೆ ಹೋಗಬೇಕು ಎನ್ನುವುದು ಆಗಿನ ಯೋಜನೆಯ ದೃಷ್ಟಿ. ಇಲಾಖೆ ಗಳಿಸಿದ ಹಣವನ್ನು ಪೂರ್ತಿ ತನ್ನ ವಿಸ್ತರಣೆಗೇ ಹಾಕಿಕೊಳ್ಳುವ ಸ್ವಾತಂತ್ರ್ಯವೂ ಅದಕ್ಕಿರಲಿಲ್ಲ.

1984ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ–ಡಾಟ್ ಶುರುವಾಯಿತು. ಅದನ್ನು ಕಟ್ಟಿದ ಎಂಜಿನಿಯರ್ ಸ್ಯಾಮ್ ಪಿತ್ರೋಡಾ ಹೆಸರು ಇಲ್ಲಿ ಬರುತ್ತದೆ. ಈ ಸಂಸ್ಥೆ ರೂಪಿಸಿದ 128 ಪೋರ್ಟ್‌ಗಳ ಗ್ರಾಮೀಣ ಎಕ್ಸ್‌ಚೇಂಜ್ (ಕರೆಗಳನ್ನು ಒಂದು ಲೈನಿನಿಂದ ಇನ್ನೊಂದಕ್ಕೆ ಜೋಡಿಸುವ ಯಂತ್ರ) ಮೊದಲು ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಈ ಯಂತ್ರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆಗ ವಿದೇಶದಿಂದ ಬರುತ್ತಿದ್ದ ಡಿಜಿಟಲ್ ಎಕ್ಸ್‌ಚೇಂಜ್‌ಗಳಿಗೆ ತಣ್ಣಗಿನ ಎಸಿ ಕೋಣೆ ಬೇಕಿತ್ತು, ಸಾವಿರಾರು ಲೈನ್‌ಗಳ ಊರು ಬೇಕಿತ್ತು. ಹಳ್ಳಿಯಲ್ಲಿ ಎಸಿಯೂ ಇಲ್ಲ, ಅಷ್ಟು ಫೋನೂ ಇಲ್ಲ. ಸಿ–ಡಾಟ್‌ನವರು ಬಿಸಿಲು, ದೂಳು ತಡೆದುಕೊಂಡು ಎಸಿ ಇಲ್ಲದೆ ನಡೆಯುವ ಚಿಕ್ಕ ಯಂತ್ರ ಮಾಡಿದರು. ಎಸ್‌ಟಿಡಿ ಬೂತ್‌ಗಳು ಊರೂರಿಗೆ ಬಂದ ಹಿಂದೆ ಇಂಥ ಎಕ್ಸ್‌ಚೇಂಜ್‌ಗಳ ದುಡಿಮೆ ಇದೆ. ಸರ್ಕಾರಿ ಸಂಸ್ಥೆಗೆ ಹೊಸದು ಮಾಡಲು ಬರೋದಿಲ್ಲ ಅನ್ನುವವರಿಗೆ ಕಿತ್ತೂರನ್ನು ತೋರಿಸಬೇಕು. ಇದನ್ನು ನಾನು ಅಭಿಮಾನದಿಂದಲೇ ಹೇಳುತ್ತೇನೆ.

1985ರಲ್ಲಿ ಅಂಚೆ ಬೇರೆ, ದೂರಸಂಪರ್ಕ ಬೇರೆ ಆದವು. 1986ರಲ್ಲಿ ದೆಹಲಿ ಮತ್ತು ಮುಂಬೈಗೆ ಎಂಟಿಎನ್‌ಎಲ್, ವಿದೇಶಿ ಕರೆಗಳಿಗೆ ವಿಎಸ್‌ಎನ್‌ಎಲ್ ಎಂಬ ಕಂಪನಿಗಳಾದವು. 1994ರ ನೀತಿ ಖಾಸಗಿಯವರಿಗೆ ಬಾಗಿಲು ತೆರೆಯಿತು, 1997ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಬಂತು. ನಿಯಮ ಮಾಡುವವನೇ ಆಟವನ್ನೂ ಆಡಬಾರದು ಎಂಬ ವಾದ ಬಲವಾಯಿತು. 2000ದ ಅಕ್ಟೋಬರ್ 1ರಂದು ಇಲಾಖೆಯ ಸೇವಾ ಭಾಗವೆಲ್ಲ ಕಂಪನಿಯಾಗಿ ಬಿಎಸ್‌ಎನ್‌ಎಲ್ ಹುಟ್ಟಿತು. 3 ಲಕ್ಷಕ್ಕೂ ಹೆಚ್ಚು ನೌಕರರು ಇಲಾಖೆಯಿಂದ ನೇರವಾಗಿ ಕಂಪನಿಗೆ ಬಂದರು. ಹೆಸರು ಕಂಪನಿ, ಆದರೆ ದೊಡ್ಡ ತೀರ್ಮಾನಕ್ಕೆಲ್ಲ ಫೈಲು ದೆಹಲಿಯ ಸಂಚಾರ ಭವನಕ್ಕೇ, ಅಂದರೆ ದೂರಸಂಪರ್ಕ ಇಲಾಖೆಯ ಕಚೇರಿಗೇ ಹೋಗಬೇಕು.

ಚೆನ್ನಾಗಿದ್ದ ದಿನಗಳು

2002ರ ಅಕ್ಟೋಬರ್‌ನಲ್ಲಿ ಲಕ್ನೋದಲ್ಲಿ ವಾಜಪೇಯಿ ಅವರು ಬಿಎಸ್‌ಎನ್‌ಎಲ್ ಮೊಬೈಲ್ ಸೇವೆ ಉದ್ಘಾಟಿಸಿದರು. ಸೆಲ್‌ಒನ್ ಸಿಮ್‌ಗೆ ಜನ ಸಾಲು ನಿಂತರು. ಒಳಬರುವ ಕರೆಗೂ ದುಡ್ಡು ಕೊಡುತ್ತಿದ್ದ ಕಾಲ ಮುಗಿಯುವುದರಲ್ಲಿ, ದರ ಇಳಿಯುವುದರಲ್ಲಿ ಈ ಕಂಪನಿಯ ಪಾತ್ರ ದೊಡ್ಡದು. 2006ರ ಒನ್ ಇಂಡಿಯಾ ಯೋಜನೆಯಲ್ಲಿ ದೇಶದ ಯಾವ ಮೂಲೆಗೆ ಮಾತಾಡಿದರೂ ನಿಮಿಷಕ್ಕೆ 1 ರೂಪಾಯಿ. 2004–05ರಲ್ಲಿ ಕಂಪನಿಯ ಲಾಭ 10,000 ಕೋಟಿ ದಾಟಿತ್ತು.

ಇಲ್ಲಿ ಒಂದು ಪಾರಿಭಾಷಿಕ ವಿಷಯ ಬಿಡಬಾರದು: ಪ್ರವೇಶ ಕೊರತೆ ಶುಲ್ಕ, ಅಂದರೆ ಎಡಿಸಿ. ಹಳ್ಳಿಯ ಲ್ಯಾಂಡ್‌ಲೈನ್ ಬಾಡಿಗೆಯನ್ನು ನಿಜವಾದ ಖರ್ಚಿಗಿಂತ ಕಡಿಮೆ ಇಡಬೇಕಿತ್ತು. ಆ ಕೊರತೆ ತುಂಬಲು ಬೇರೆ ಕಂಪನಿಗಳು 2003ರಿಂದ ಬಿಎಸ್‌ಎನ್‌ಎಲ್‌ಗೆ ಶುಲ್ಕ ಕಟ್ಟುತ್ತಿದ್ದವು. 2008ರಲ್ಲಿ ಅದು ನಿಂತಿತು. ಹಳ್ಳಿಯ ಲೈನ್‌ಗಳು ನಿಲ್ಲಲಿಲ್ಲ, ಅವುಗಳ ಖರ್ಚೂ ನಿಲ್ಲಲಿಲ್ಲ. 2009–10ರಲ್ಲಿ ಕಂಪನಿ ಮೊದಲ ಸಲ ವಾರ್ಷಿಕ ನಷ್ಟ ಕಂಡಿತು, 1,800 ಕೋಟಿಗೂ ಜಾಸ್ತಿ. ಮರುವರ್ಷ ಅದು 6,000 ಕೋಟಿ ದಾಟಿತು. ಎಡಿಸಿ ಒಂದೇ ಕಾರಣವಲ್ಲ, ಆದರೆ ಇದನ್ನು ಬಿಟ್ಟು ಬರೆದ ಉತ್ತರ ಅರ್ಧ ಉತ್ತರ.

ಬೇಕಾದ ವಿಸ್ತರಣೆ ಆಗಲಿಲ್ಲ, ಬೇಡದ್ದಕ್ಕೆ ದುಡ್ಡು ಹೋಯಿತು

ಈ ಕಥೆಯಲ್ಲಿ ಮುಖ್ಯವಾದ ಕಾಲ 2006ರಿಂದ 2010. ಇಲ್ಲಿ ನಿಧಾನವಾಗಿ ಓದಿ.

2006ರಲ್ಲಿ ಬಿಎಸ್‌ಎನ್‌ಎಲ್ ಸುಮಾರು 4.5 ಕೋಟಿ ಮೊಬೈಲ್ ಲೈನ್‌ಗಳಿಗೆ ಟೆಂಡರ್ ಕರೆಯಿತು. ಟೆಂಡರ್‌ನಲ್ಲಿ ಅನರ್ಹಗೊಂಡ ಉಪಕರಣ ಕಂಪನಿ ಮೊಟೊರೊಲಾ ಕೋರ್ಟಿಗೆ ಹೋಯಿತು. ಬೆಲೆಯ ಬಗ್ಗೆ ತಕರಾರು, ಸಚಿವರ ಬದಲಾವಣೆ, ಕೊನೆಗೆ 2007ರಲ್ಲಿ ಆರ್ಡರ್ ದೊಡ್ಡ ಮಟ್ಟದಲ್ಲಿ ಕಡಿತವಾಯಿತು. 2008ರಲ್ಲಿ 9.3 ಕೋಟಿ ಲೈನ್‌ಗಳ ಇನ್ನೊಂದು ಟೆಂಡರ್. ಅದು 2010ರಲ್ಲಿ ರದ್ದು. ಇದೇ ಅವಧಿಯಲ್ಲಿ ದೇಶದ ಮೊಬೈಲ್ ಗ್ರಾಹಕರು 10 ಕೋಟಿ ಮುಟ್ಟದ ಮಟ್ಟದಿಂದ 58 ಕೋಟಿಗೆ ಏರಿದರು. ಸುಮಾರು 4 ವರ್ಷ! ಭಾರತದಲ್ಲಿ ಜನ ಮೊದಲ ಸಿಮ್ ಕೊಂಡ ವರ್ಷಗಳು ಇವೇ. ಆಗ ಬಿಎಸ್‌ಎನ್‌ಎಲ್ ಹತ್ತಿರ ಹಣವಿತ್ತು, ಹೆಸರಿತ್ತು, ಕಟ್ಟಡವಿತ್ತು, ಊರೂರಿಗೆ ಕೇಬಲ್ ಇತ್ತು. ನೆಟ್‌ವರ್ಕ್‌ನ ಸಾಮರ್ಥ್ಯ ಇರಲಿಲ್ಲ. ಕರೆ ಸಿಗದ ಸಿಮ್ಮನ್ನು ಜನ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ?

ಖಾಸಗಿ ಕಂಪನಿಯ ಆಡಳಿತ ಮಂಡಳಿ ಒಂದು ಸಭೆಯಲ್ಲಿ ಉಪಕರಣ ಖರೀದಿ ತೀರ್ಮಾನಿಸಬಹುದು. ಸರ್ಕಾರಿ ಕಂಪನಿ ಟೆಂಡರ್ ನಿಯಮ, ಜಾಗೃತ ಆಯೋಗ, ಸರ್ಕಾರದ ಲೆಕ್ಕ ಪರಿಶೋಧಕ ಸಿಎಜಿ, ಕೋರ್ಟು, ಸಂಸತ್ತಿನ ಪ್ರಶ್ನೆ ಎಲ್ಲವನ್ನೂ ದಾಟಬೇಕು. ಸಾರ್ವಜನಿಕ ಹಣಕ್ಕೆ ಈ ಕಾವಲು ಬೇಕು, ಅದರಲ್ಲಿ ಅನುಮಾನ ಇಲ್ಲ. ಆದರೆ ತಂತ್ರಜ್ಞಾನ ಎರಡು ಮೂರು ವರ್ಷಕ್ಕೆ ಬದಲಾಗುವ ಕ್ಷೇತ್ರದಲ್ಲಿ ತಡವಾದ ಖರೀದಿಯೂ ಒಂದು ನಷ್ಟವೇ. ಆ ನಷ್ಟಕ್ಕೆ ಯಾವ ಆಡಿಟ್ ವರದಿಯಲ್ಲೂ ಯಾರ ಸಹಿಯೂ ಇರುವುದಿಲ್ಲ.

ಇನ್ನು 2010. ಆ ವರ್ಷ ಸರ್ಕಾರ 3ಜಿ ಮತ್ತು ಬ್ರಾಡ್‌ಬ್ಯಾಂಡ್ ವೈರ್‌ಲೆಸ್ ತರಂಗಾಂತರ (ಸಿಗ್ನಲ್ ಸಾಗುವ ರೇಡಿಯೊ ಅಲೆಗಳ ಪಟ್ಟಿ) ಹರಾಜು ಹಾಕಿತು. ಬಿಎಸ್‌ಎನ್‌ಎಲ್‌ಗೆ ತರಂಗಾಂತರ ಮೊದಲೇ ಕೊಟ್ಟಾಗಿತ್ತು. ಅದು ಹರಾಜಿನಲ್ಲಿ ಕೂಗಲಿಲ್ಲ. ಆದರೂ ಖಾಸಗಿಯವರು ಪೈಪೋಟಿಯಲ್ಲಿ ಏರಿಸಿದ ಬೆಲೆಯನ್ನೇ ಕಟ್ಟಬೇಕಾಯಿತು. ಒಟ್ಟು ಸುಮಾರು 18,500 ಕೋಟಿ ರೂಪಾಯಿ, ದೆಹಲಿ ಮತ್ತು ಮುಂಬೈ ಬಿಟ್ಟು ಉಳಿದ ವಲಯಗಳಿಗೆ. ಜಾತ್ರೆಯಲ್ಲಿ ಬೇರೆಯವರು ಕೂಗಿದ ಬೆಲೆಗೆ ನಾವು ಆರಿಸದ ಎತ್ತನ್ನು ಕೊಂಡ ಹಾಗೆ ಇದು. ಅದರಲ್ಲೂ ಬ್ರಾಡ್‌ಬ್ಯಾಂಡ್ ಭಾಗದ ಸ್ಥಿತಿ ನೋಡಿ. ಖಾಸಗಿಯವರಿಗೆ ಸಿಕ್ಕಿದ್ದು 2.3 ಗಿಗಾಹರ್ಟ್ಸ್ ಪಟ್ಟಿ. ಬಿಎಸ್‌ಎನ್‌ಎಲ್‌ಗೆ ಸಿಕ್ಕಿದ್ದು 2.5 ಗಿಗಾಹರ್ಟ್ಸ್, ಅದರಲ್ಲಿ ವೈಮ್ಯಾಕ್ಸ್ ಸೇವೆ. ಲೋಕವೆಲ್ಲ ವೈಮ್ಯಾಕ್ಸ್ ಬಿಟ್ಟು ಎಲ್‌ಟಿಇ ಕಡೆ, ಅಂದರೆ ಇವತ್ತಿನ 4ಜಿ ಕಡೆ ಹೋಯಿತು. ಕೊನೆಗೆ ಬಿಎಸ್‌ಎನ್‌ಎಲ್ ಆ ತರಂಗಾಂತರವನ್ನು ಹಿಂದಿರುಗಿಸಿ ಸ್ವಲ್ಪ ಹಣ ವಾಪಸ್ ಪಡೆಯಬೇಕಾಯಿತು.

ಎಂಟಿಎನ್‌ಎಲ್ ಕಥೆ ಇನ್ನೂ ಕಷ್ಟದ್ದು. ಎರಡೇ ನಗರಗಳಿಗೆ ಸುಮಾರು 11,000 ಕೋಟಿ ಕಟ್ಟಲು ಅದು ಸಾಲ ಮಾಡಿತು. ಬಡ್ಡಿ ಕಟ್ಟಲು ಮತ್ತೆ ಸಾಲ. 2025ರ ಹೊತ್ತಿಗೆ ಬ್ಯಾಂಕುಗಳಿಗೆ ಕಟ್ಟಬೇಕಾದ ಕಂತುಗಳೇ ನಿಂತುಹೋದವು. ಅದರ ಸೇವೆಗಳನ್ನು ನಡೆಸುವ ಜವಾಬ್ದಾರಿ ಬಿಎಸ್‌ಎನ್‌ಎಲ್‌ ಹೆಗಲಿಗೆ ಬಂತು. ವಿಸ್ತರಣೆಯ ಅಪಾಯ ಎಂಬ ಪ್ರಶ್ನೆಗೆ ಒಂದೇ ಉದಾಹರಣೆ ಕೊಡಬೇಕಾದರೆ ನಾನು ಎಂಟಿಎನ್‌ಎಲ್ ಕೊಡುತ್ತೇನೆ.

ಪ್ಯಾಕೇಜ್‌ಗಳು, 4ಜಿ

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಡೇಟಾ ಅಗ್ಗವಾಯಿತು, ಎಲ್ಲರ ಆದಾಯ ಕುಸಿಯಿತು, ಕೆಲವು ಕಂಪನಿಗಳು ಮುಚ್ಚಿದವು. ಬಿಎಸ್‌ಎನ್‌ಎಲ್ ಕೈಯಲ್ಲಿ 4ಜಿ ಇರಲೇ ಇಲ್ಲ. 2019ರ ಫೆಬ್ರವರಿಯಲ್ಲಿ ಸಂಬಳವೇ ತಡವಾಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಕಂಪನಿಯನ್ನು ಮೇಲೆತ್ತಲು ಸರ್ಕಾರದಿಂದ ಸುಮಾರು 69,000 ಕೋಟಿಯ ಮೊದಲ ಪ್ಯಾಕೇಜ್ ಬಂತು. 78,000ಕ್ಕೂ ಹೆಚ್ಚು ನೌಕರರು ವಿಆರ್‌ಎಸ್ (ಸ್ವಯಂ ನಿವೃತ್ತಿ) ತೆಗೆದುಕೊಂಡು 2020ರ ಜನವರಿ 31ರಂದು ಹೊರನಡೆದರು. ಸಂಬಳದ ಹೊರೆ ಇಳಿಯಿತು. ಯಾವ ಬೀದಿಯ ಯಾವ ಕಂಬದಲ್ಲಿ ಯಾವ ಜೋಡಿ ತಂತಿ ಇದೆ ಎಂದು ಬಲ್ಲ ಲೈನ್‌ಮನ್‌ಗಳೂ ಹೋದರು.

2022ರಲ್ಲಿ 1.64 ಲಕ್ಷ ಕೋಟಿ, 2023ರಲ್ಲಿ 4ಜಿ–5ಜಿ ತರಂಗಾಂತರಕ್ಕಾಗಿ 89,047 ಕೋಟಿ. ಮೂರೂ ಸೇರಿ 3 ಲಕ್ಷ ಕೋಟಿ ದಾಟುತ್ತದೆ. ಒಂದು ಎಚ್ಚರಿಕೆ: ಇದೆಲ್ಲ ಕೈಗೆ ಕೊಟ್ಟ ನಗದಲ್ಲ. ತರಂಗಾಂತರದ ಬೆಲೆ ಷೇರಿನ ರೂಪದಲ್ಲಿ ಸರ್ಕಾರದಿಂದ ಸರ್ಕಾರಕ್ಕೇ ಹೋಗುತ್ತದೆ. ಸುಮ್ನೆ ದೊಡ್ಡ ಅಂಕಿ ಬರೆದು 'ಇಷ್ಟು ದುಡ್ಡು ಸುರಿದರು' ಅನ್ನುವುದು ತಪ್ಪಾಗುತ್ತದೆ.

4ಜಿ ಯಾಕೆ ತಡವಾಯಿತು? 2020ರಲ್ಲಿ ಚೀನಾ ಜೊತೆಗಿನ ಗಡಿ ಸಂಘರ್ಷದ ನಂತರ 4ಜಿ ಟೆಂಡರ್ ರದ್ದಾಯಿತು. ದೇಶೀ ಉಪಕರಣವೇ ಬೇಕು ಎಂಬ ನಿಲುವು ಬಂತು. ಟಿಸಿಎಸ್ ಮುಂದಾಳತ್ವ, ಸಿ–ಡಾಟ್‌ನ ಕೋರ್ (ಇಡೀ ನೆಟ್‌ವರ್ಕ್ ನಡೆಸುವ ಕೇಂದ್ರ ಭಾಗ), ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನ ರೇಡಿಯೊ (ಟವರ್‌ನಲ್ಲಿ ಸಿಗ್ನಲ್ ಕಳಿಸುವ ಉಪಕರಣ), ಹೀಗೆ ಒಂದು ಒಕ್ಕೂಟ ಕೂಡಿತು. ಕಿತ್ತೂರಿನ ಎಕ್ಸ್‌ಚೇಂಜ್ ಮಾಡಿದ ಅದೇ ಸಿ–ಡಾಟ್. ಇದು ದೇಶಕ್ಕೆ ನಿಜಕ್ಕೂ ದೊಡ್ಡ ಸಾಧನೆ. ಆದರೆ ಲೆಕ್ಕ ಬೇರೆ ಮಾಡಬೇಕು. ಸ್ವಂತ ತಂತ್ರಜ್ಞಾನದ ಲಾಭ ಇಡೀ ದೇಶಕ್ಕೆ. ಅದು ಪಕ್ವವಾಗುವವರೆಗೆ ಕಾಯುವ ನಷ್ಟ, ಮೊದಲ ಗ್ರಾಹಕನಾಗಿ ತೊಂದರೆ ಅನುಭವಿಸುವ ನಷ್ಟ ಒಂದೇ ಕಂಪನಿಗೆ. ಹಳ್ಳಿಗೆ ಫೋನ್ ಕೊಡುವ ಕೆಲಸಕ್ಕೆ ಒಮ್ಮೆ ಎಡಿಸಿ ಇತ್ತು. ದೇಶೀ ತಂತ್ರಜ್ಞಾನ ಬೆಳೆಸುವ ಈ ಕೆಲಸಕ್ಕೂ ಪ್ರತ್ಯೇಕ ಲೆಕ್ಕದ ಪರಿಹಾರ ಇರಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ಪ್ಯಾಕೇಜ್ ಎಂಬ ಒಂದೇ ಗಂಟಿನಲ್ಲಿ ಎಲ್ಲ ಸೇರಿದರೆ ಕಂಪನಿಯ ತಪ್ಪು ಎಷ್ಟು, ಹೊರಿಸಿದ ಹೊಣೆ ಎಷ್ಟು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಈಗ ಮೊದಲಿನ ಪ್ರಶ್ನೆ. ಟವರ್ ಹಾಕಿದ ದಿನವೇ ಅದರ ಪೂರ್ತಿ ಬೆಲೆ ಖರ್ಚು ಅಂತ ಬರೆಯುವುದಿಲ್ಲ. ಅದರ ಆಯುಷ್ಯಕ್ಕೆ ಹಂಚಿ ಪ್ರತಿ ತ್ರೈಮಾಸಿಕಕ್ಕೂ ಸವಕಳಿ ಬರೆಯುತ್ತಾರೆ. ತರಂಗಾಂತರಕ್ಕೂ ಹಾಗೆಯೇ. ಕೆಲಸ ನಡೆಯುತ್ತಿರುವಾಗ ಅದು ನಿರ್ಮಾಣ ಹಂತದ ಆಸ್ತಿ, ಸವಕಳಿ ಇಲ್ಲ. ಬಳಕೆಗೆ ಬಂದ ಕೂಡಲೇ ಸವಕಳಿ ಶುರು. ಸಾವಿರಾರು ಟವರ್‌ಗಳು ಒಟ್ಟಿಗೆ ಬಳಕೆಗೆ ಬಂದರೆ ಖರ್ಚಿನ ಸಾಲು ಒಮ್ಮೆಲೇ ಏರುತ್ತದೆ, ಗ್ರಾಹಕರು ಮಾತ್ರ ಒಬ್ಬೊಬ್ಬರಾಗಿ ಬರುತ್ತಾರೆ. 2025ರ ನಷ್ಟದ ಹಿಂದೆ ಮುಖ್ಯವಾಗಿ ಇರುವುದು ಇದೇ. ಹಾಗಾಗಿ ಆ ನಷ್ಟ ನೋಡಿ ಗಾಬರಿ ಬೇಡ. 262 ಕೋಟಿ ಲಾಭ ನೋಡಿ ಹಬ್ಬ ಮಾಡಿದ್ದೂ ಅವಸರವೇ.

ನಿಜವಾದ ಅಪಾಯ ಗ್ರಾಹಕರ ಸಾಲಿನಲ್ಲಿದೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದವು. ಆ ಒಂದೇ ತಿಂಗಳಲ್ಲಿ ಬಿಎಸ್‌ಎನ್‌ಎಲ್‌ಗೆ 29 ಲಕ್ಷ ಹೊಸ ಗ್ರಾಹಕರು ಸೇರಿದರು. ಆಗಸ್ಟ್‌ನಲ್ಲೂ ಒಳ್ಳೆಯ ಸಂಖ್ಯೆ. ನವೆಂಬರ್ ಹೊತ್ತಿಗೆ ಬರುವವರಿಗಿಂತ ಹೋಗುವವರು ಜಾಸ್ತಿಯಾದರು. ಅಗ್ಗದ ದರ ಜನರನ್ನು ಕರೆದುಕೊಂಡು ಬಂತು, ಸಿಗ್ನಲ್ ಅವರನ್ನು ಹಿಡಿದಿಡಲಿಲ್ಲ.

ಮಲೆನಾಡಿನ ಒಳಗೆ ಬಿಎಸ್‌ಎನ್‌ಎಲ್ ಸಿಗ್ನಲ್ ಒಂದೇ ಇರುವ ಊರುಗಳಿವೆ. ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ. ಟವರ್‌ನ ಬ್ಯಾಟರಿ ಹಳೆಯದಾಗಿದ್ದರೆ, ಜನರೇಟರ್‌ಗೆ ಡೀಸೆಲ್ ಬರದಿದ್ದರೆ ಅದೂ ಸುಮ್ಮನಾಗುತ್ತದೆ. 2022ರಲ್ಲಿ ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿಯ ಯೋಜನೆ ಒಪ್ಪಿಗೆಯಾಗಿ ಬಿಎಸ್‌ಎನ್‌ಎಲ್‌ಗೆ ಬಂತು. ಇಂಥ ಕಡೆ ಟವರ್ ನಿಲ್ಲಿಸುವ ಹಣವನ್ನು ಸರ್ಕಾರ ಕೊಡಬಹುದು. ಬ್ಯಾಟರಿ ಬದಲಿಸುವ, ಗುಡ್ಡ ಹತ್ತಿ ಕೇಬಲ್ ಸರಿ ಮಾಡುವ ಖರ್ಚು ಪ್ರತಿ ವರ್ಷ ಬರುತ್ತದೆ, ಊರಿನಲ್ಲಿ ಇರುವ ಸಿಮ್‌ಗಳು ಕೆಲವೇ. ಉತ್ತರ ಬರೆಯುವಾಗ ಬಂಡವಾಳ ವೆಚ್ಚ ಮತ್ತು ನಿರ್ವಹಣಾ ವೆಚ್ಚವನ್ನು ಬೇರೆ ಬೇರೆ ಮಾಡಿ ತೋರಿಸಿ. ಮುಂದಿನ ತ್ರೈಮಾಸಿಕ ಫಲಿತಾಂಶ ಬಂದಾಗ ಲಾಭ–ನಷ್ಟದ ಸಾಲಿಗಿಂತ ಮೊದಲು ಸವಕಳಿ, ಮೊಬೈಲ್ ಆದಾಯ, ಟ್ರಾಯ್‌ನ ಮಾಸಿಕ ಗ್ರಾಹಕರ ಸಂಖ್ಯೆ ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿ. ಆದಾಯ ಏರುವ ವೇಗ ಸವಕಳಿಯ ವೇಗವನ್ನು ಹಿಡಿಯದಿದ್ದರೆ ನಾಲ್ಕನೇ ಪ್ಯಾಕೇಜ್‌ನ ಮಾತು ಶುರುವಾಗುತ್ತದೆ.