ಮಕ್ಕಳ ಕೈಗೆ ಒಂದು ಸಾಲು ಕಡಲೆ

ಶಾಲೆ ಮಕ್ಕಳನ್ನು ಒಂದು ದಿನ ಹೊಲಕ್ಕೆ ಕರೆದೊಯ್ದು, ಒಂದೊಂದು ಸಸಿ ನೆಡಿಸಿ, ಫೋಟೊ ತೆಗೆದು ವಾಪಸ್ ಕರೆತರುವ ಕಾರ್ಯಕ್ರಮಗಳನ್ನು ನೀವೂ ನೋಡಿರುತ್ತೀರಿ. ಮಕ್ಕಳಿಗೆ ಖುಷಿಯಾಗುತ್ತದೆ, ನಿಜ. ಆದರೆ ನೆಟ್ಟ ಸಸಿ ಬದುಕಿತೋ ಸತ್ತಿತೋ ಅವರಿಗೆ ಗೊತ್ತೇ ಆಗುವುದಿಲ್ಲ. ಕೃಷಿ ವಿಸ್ತರಣೆಯ ಕೆಲಸದಲ್ಲಿ ಮಕ್ಕಳ ಜೊತೆ ಹೊಲ ಸುತ್ತಿ ನನಗೆ ಮನದಟ್ಟಾದದ್ದು ಒಂದೇ. ಮಗುವಿಗೆ ಒಂದು ಸಾಲು ಕೊಡಬೇಕು. ಬಿತ್ತುವುದರಿಂದ ಹಿಡಿದು ತಿನ್ನುವವರೆಗೆ ಆ ಸಾಲು ಅದರದೇ ಆಗಿರಬೇಕು.

ಯಾವ ಬೆಳೆ? ನವಲಗುಂದ, ಅಣ್ಣಿಗೇರಿ, ಗದಗ, ರೋಣದ ಎರಿ ಭೂಮಿಯವರಿಗೆ, ಅಂದರೆ ಕಪ್ಪು ಮಣ್ಣಿನವರಿಗೆ, ನಾನು ಹೇಳುವುದು ಹಿಂಗಾರಿ ಕಡಲೆ. ಬಿತ್ತನೆಯ ಕಾಲ ಹೆಚ್ಚುಕಡಿಮೆ ದಸರಾ ರಜೆಗೇ ಬರುತ್ತದೆ. ಕಾಳು ದೊಡ್ಡದು, ಸಣ್ಣ ಕೈಗೂ ಸಲೀಸಾಗಿ ಸಿಗುತ್ತದೆ. ಅಣ್ಣಿಗೇರಿ-1 ಎಂಬ ತಳಿಯೇ ಇದೆ ಎಂದರೆ ಆ ಊರಿನ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಆ ಹಳೆ ತಳಿಗೆ ಗಿಡ ಸೊರಗಿ ಒಣಗುವ ಸಿಡಿ ರೋಗದ ಕಾಟ ಇತ್ತು. ರೋಗ ತಡೆಯುವ ಸೂಪರ್ ಅಣ್ಣಿಗೇರಿ-1 ಈಗ ಬಂದಿದೆ. ಜೆಜಿ-11 ಎಂಬ ತಳಿ ಕೂಡ ಒಳ್ಳೆಯದೇ. ಕಲಘಟಗಿ ಕಡೆಯ ಕೆಂಪು ಮಣ್ಣಿನವರು ಮುಂಗಾರಿನಲ್ಲಿ ಶೇಂಗಾ ಹಾಕಿಸಲಿ. ಹೂ ಮೇಲೆ ಅರಳಿ, ಕಾಯಿ ಮಣ್ಣಿನೊಳಗೆ ಕಟ್ಟುವುದನ್ನು ಮಕ್ಕಳು ಕಣ್ಣಾರೆ ನೋಡಲಿ.

ಬೀಜದ ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಿ. ಅಂಗಡಿಯಿಂದ ತಂದ ಬೀಜಕ್ಕೆ ಕೆಂಪು, ಗುಲಾಬಿ ಬಣ್ಣ ಹತ್ತಿದ್ದರೆ ಅದು ಔಷಧ ಹಚ್ಚಿದ ಬೀಜ. ಅದನ್ನು ಮಕ್ಕಳ ಕೈಗೆ ಕೊಡಲೇಬೇಡಿ. ಉಪಚಾರ ಮಾಡದ ಬೀಜ ತಂದು, ಬೆಲ್ಲದ ನೀರಿನಲ್ಲಿ ರೈಜೋಬಿಯಂ ಎಂಬ ಉಪಕಾರಿ ಬ್ಯಾಕ್ಟೀರಿಯಾ ಗೊಬ್ಬರ ಕಲಸಿ ಹಚ್ಚಿ, ನೆರಳಲ್ಲಿ ಒಣಗಿಸಿ. ಆ ಕೆಲಸ ಮಕ್ಕಳೇ ಮಾಡಬಹುದು. ಸಾಲಿನಿಂದ ಸಾಲಿಗೆ ಒಂದು ಅಡಿ, ಕಾಳಿನಿಂದ ಕಾಳಿಗೆ ನಾಲ್ಕು ಇಂಚು, ಆಳ ನಾಲ್ಕು ಬೆರಳು. ಒಬ್ಬರಿಗೆ ಹತ್ತು ಹೆಜ್ಜೆ ಉದ್ದದ ಸಾಲು ಸಾಕು. ಅದಕ್ಕಿಂತ ಜಾಸ್ತಿಯಾದರೆ ಅದು ಕಲಿಕೆಯಾಗಿ ಉಳಿಯುವುದಿಲ್ಲ, ದುಡಿಮೆಯಾಗುತ್ತದೆ.

ಕಡಲೆ ಕೈಗೆ ಬರಲು ಮೂರು ತಿಂಗಳು ಬೇಕು. ಅಷ್ಟು ದಿನ ಮಕ್ಕಳು ಸುಮ್ನೆ ಕಾಯುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಒಂದು ಸಣ್ಣ ಮಡಿ ಮೆಂತ್ಯ ಹಾಕಿಸಿ. ನಾಲ್ಕೈದು ದಿನಕ್ಕೆ ಮೊಳಕೆ ಕಾಣುತ್ತದೆ, ತಿಂಗಳೊಳಗೆ ರೊಟ್ಟಿ ಜೊತೆ ತಿನ್ನಲು ಬರುತ್ತದೆ. ನೀರು ಹಾಕುವ ಆಸೆಯೂ ಅಲ್ಲಿ ತೀರುತ್ತದೆ. ಯಾಕೆಂದರೆ ಕಡಲೆ ಸಾಲಿಗೆ ನೀರು ಹಾಕದೇ ಇರುವುದೇ ಅವರಿಗೆ ಕಷ್ಟದ ಪಾಠ. ಎರಿ ಮಣ್ಣು ಮಳೆಯ ಹಸಿಯನ್ನು ಒಳಗೆ ಹಿಡಿದಿಟ್ಟಿರುತ್ತದೆ, ಬೇರು ಆಳಕ್ಕಿಳಿದು ಅದನ್ನೇ ಕುಡಿಯುತ್ತದೆ. ನೀರು ನಿಂತರೆ ಗಿಡ ಹಳದಿಯಾಗಿ ಬೇರು ಕೊಳೆಯುತ್ತದೆ. "ಸರ, ಮ್ಯಾಲೆಲ್ಲ ಒಣಗೇತ್ರಿ" ಎಂದು ಮಕ್ಕಳು ಓಡಿ ಬಂದಾಗ ಗೇಣುದ್ದ ಅಗೆಸಿ. ಒಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಲಿ. ಉಂಡೆಯಾದರೆ ಹಸಿ ಇದೆ ಎಂದು ಅರ್ಥ.

ತಿಂಗಳು ದಾಟಿದ ಮೇಲೆ, ಹೂ ಬಿಡುವ ಮೊದಲು, ಕುಡಿ ಚಿವುಟುವ ಕೆಲಸ. ನನಗೆ ಇದೇ ಬಹಳ ಇಷ್ಟ. "ಬೆಳಿಯೋ ಗಿಡಾನ ಯಾಕ್ ಚಿವುಟಬೇಕ್ರಿ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಹೇಳಬೇಡಿ. ಸಾಲಿನ ಕೊನೆಯ ಹತ್ತು ಗಿಡಗಳನ್ನು ಹಾಗೇ ಬಿಡಿಸಿ, ಉಳಿದವುಗಳ ತುದಿ ಚಿವುಟಿಸಿ. ಎರಡು ವಾರ ಬಿಟ್ಟು ಎರಡೂ ಕಡೆ ಕವಲು ಎಣಿಸಲಿ. ತುದಿಯ ಮೊಗ್ಗು ಇರುವ ತನಕ ಪಕ್ಕದ ಮೊಗ್ಗುಗಳನ್ನು ಏಳಗೊಡುವುದಿಲ್ಲ. ಅದು ಹೋದರೆ ಪಕ್ಕದವು ಚಿಗುರುತ್ತವೆ. ಕವಲು ಜಾಸ್ತಿಯಾದಷ್ಟೂ ಹೂವಿಗೆ, ಕಾಯಿಗೆ ಜಾಗ ಜಾಸ್ತಿ.

ಚಿವುಟುವುದು ಇಬ್ಬನಿ ಆರಿದ ಮೇಲೆಯೇ. ಕಡಲೆ ಎಲೆಯ ಸಣ್ಣ ಕೂದಲುಗಳಿಂದ ಹುಳಿ ಜಿನುಗುತ್ತದೆ. ಅದರಲ್ಲಿ ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳಿರುತ್ತವೆ. ಬೆಳಗಿನ ಹಸಿಯಲ್ಲಿ ಕೈ ಕಾಲು ಉರಿಯುತ್ತವೆ. ನಮ್ಮ ಅಜ್ಜಿಯಂದಿರು ನಸುಕಿನಲ್ಲಿ ಗಿಡದ ಮೇಲೆ ಬಿಳಿ ಅರಿವೆ ಹಾಸಿ, ಹಿಂಡಿ, ಆ ಹುಳಿಯನ್ನು ಹೊಟ್ಟೆನೋವಿಗೆ ಎಂದು ಇಟ್ಟುಕೊಳ್ಳುತ್ತಿದ್ದರು. ಚಿವುಟಿದ ಕುಡಿ ಚೆಲ್ಲಬಾರದು. ತೊಳೆದು ಪಲ್ಯ ಮಾಡಿಸಿ. ಸೊಪ್ಪು ಎಂದರೆ ತಟ್ಟೆ ದೂಡುವ ಮಕ್ಕಳೂ ತಾವೇ ಚಿವುಟಿ ತಂದದ್ದನ್ನು ರೊಟ್ಟಿ ಜೊತೆ ಕೇಳಿ ಹಾಕಿಸಿಕೊಳ್ಳುತ್ತಾರೆ.

ಅದೇ ಹೊತ್ತಿಗೆ ಒಂದು ಗಿಡ ಕಿತ್ತು ಬೇರು ತೋರಿಸಿ. ಸುಮ್ನೆ ಎಳೆದರೆ ಬೇರಿನ ಮೇಲಿನ ಸಣ್ಣ ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ. ಹೆಂಟೆ ಸಮೇತ ಎಬ್ಬಿಸಿ, ಬಕೆಟ್ ನೀರಿನಲ್ಲಿ ನೆನೆಸಿ, ಮಣ್ಣು ತಾನಾಗಿ ಕರಗಲು ಬಿಡಿ. ಆಮೇಲೆ ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿದೆ ಎಂದು ಅರ್ಥ. ಬಿತ್ತುವಾಗ ಬೆಲ್ಲದ ನೀರಿನ ಜೊತೆ ಹಚ್ಚಿದ ರೈಜೋಬಿಯಂ ಮಾಡುವ ಕೆಲಸ ಅದೇ.

ಕಾಯಿಕೊರಕ ಬರುತ್ತದೆ. ಮಕ್ಕಳ ಸಾಲಿಗೆ ಔಷಧ ಹೊಡೆಯಬೇಡಿ, ಅವರು ಹಸಿ ಕಾಯಿ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಪಕ್ಕದ ಹೊಲದವರು ಹೊಡೆಯುವ ದಿನ ಮಕ್ಕಳನ್ನು ಆ ಕಡೆ ಕಳಿಸಲೂ ಬೇಡಿ. ಹುಳ ಆರಿಸಲಿ, ಹಕ್ಕಿ ಕೂರಲು ಟಿ ಆಕಾರದ ಕೋಲು ನೆಡಲಿ. ಕಾಜಾಣ ಬಂದು ಕೂತರೆ ಅರ್ಧ ಕೆಲಸ ಅದೇ ಮಾಡುತ್ತದೆ. ದನ ಬಾರದಂತೆ ಹೊಲದ ಅಂಚಿಗೆ ಕುಸುಬಿ ಬಿತ್ತುವುದು ನಮ್ಮಲ್ಲಿ ಹಳೆಯ ರೂಢಿ, ಮುಳ್ಳೇ ಬೇಲಿ.

ದೊಡ್ಡವರಿಗೆ ಒಂದು ಮಾತು. ಮಗು ಶಾಲೆಗೆ ಹೋದಾಗ ಹೋಗಿ ಸಾಲು ನೆಟ್ಟಗೆ ಮಾಡಬೇಡಿ, ಕಸ ತೆಗೆಯಬೇಡಿ. ಸೊಟ್ಟ ಸಾಲಿನಲ್ಲೂ ಕಡಲೆ ಬೆಳೆಯುತ್ತದೆ. ಕಸ ಹೆಚ್ಚಾಗಿ ಗಿಡ ಬಡವಾದರೆ ಅದನ್ನೂ ಮಗುವೇ ನೋಡಲಿ. ಕಸದಲ್ಲಿ ಹಕ್ಕರಕಿ ಎಂಬ ತಿನ್ನುವ ಸೊಪ್ಪು ಸಿಕ್ಕರೆ ಅದನ್ನು ಗುರುತು ಹಿಡಿಯಲು ಕಲಿಸಿ, ಮಧ್ಯಾಹ್ನದ ಊಟಕ್ಕಾಯಿತು.

ಎಳ್ಳಮವಾಸ್ಯೆಗೆ ಮನೆಮಂದಿಯೆಲ್ಲ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಕೊಡಲು, ಹೊಲಕ್ಕೆ ಬರುತ್ತೀರಿ ಅಲ್ವಾ? ಆ ದಿನ ಮಗುವೇ ತನ್ನ ಸಾಲು ತೋರಿಸಲಿ. ಕಾಯಿ ತುಂಬಿದ ಮೇಲೆ ಸುಲಗಾಯಿ, ಅಂದರೆ ಹಸಿ ಕಡಲೆಕಾಯಿ, ಸುಡುವ ಸಂಭ್ರಮ. ಅದಕ್ಕಿಂತ ಮುಂಚೆಯೇ ಚೆನ್ನಾಗಿ ಕಾಯಿ ಕಟ್ಟಿದ ನಾಲ್ಕೈದು ಗಿಡ ಆರಿಸಿ ಬಣ್ಣದ ಚಿಂದಿ ಕಟ್ಟಿಸಿ, ಇಲ್ಲದಿದ್ದರೆ ಒಂದು ಕಾಯಿಯೂ ಉಳಿಯುವುದಿಲ್ಲ. ಚಿಂದಿ ಕಟ್ಟಿದ ಗಿಡಗಳು ಪೂರ್ತಿ ಒಣಗಲಿ. ಕಾಳು ಬಿಡಿಸಿ, ಬಿಸಿಲಿಗೆ ಹಾಕಿ, ಬೇವಿನ ಎಲೆ ಸೇರಿಸಿ ಡಬ್ಬಿಯಲ್ಲಿ ತುಂಬಿ, ಮೇಲೆ ಮಗುವಿನ ಹೆಸರು ಬರೆಸಿ. ಬರುವ ದಸರಾಕ್ಕೆ ಅದೇ ಬೀಜ ಬಿತ್ತಬಹುದು.