ದುಡ್ಡು ಕೊಟ್ಟು ಕೊಂಡ ವಿಂಡೋಸ್ ಮತ್ತೆ ಆಕ್ಟಿವೇಟ್ ಮಾಡು ಅನ್ನುವುದೇಕೆ?

ಪ್ರಶ್ನೆ: ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಸುಟ್ಟುಹೋಗಿ ಹೊಸದು ಹಾಕಿಸಿದೆ. ಅಂದಿನಿಂದ ಪರದೆಯ ಬಲಗಡೆ ಕೆಳಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಅಂತ ಮಸುಕಾಗಿ ಕಾಣ್ತಿದೆ. ವಿಂಡೋಸ್ 11 ಲ್ಯಾಪ್‌ಟಾಪ್ ಜೊತೆಗೇ ಬಂದದ್ದು. ನಾನೇನು ಕದ್ದಿಲ್ಲವಲ್ಲ?

ಉತ್ತರ: ಖಂಡಿತ ಇಲ್ಲ. ವಿಂಡೋಸ್ ಗುರುತಿಟ್ಟುಕೊಳ್ಳುವುದು ಯಂತ್ರವನ್ನು, ಅದರಲ್ಲೂ ಮುಖ್ಯವಾಗಿ ಮದರ್‌ಬೋರ್ಡನ್ನು, ಅಂದರೆ ಒಳಗಿನ ಭಾಗಗಳೆಲ್ಲ ಕೂರುವ ಮುಖ್ಯ ಬೋರ್ಡನ್ನು. ಅದು ಬದಲಾದರೆ ನಿಮ್ಮ ಲ್ಯಾಪ್‌ಟಾಪೇ ಅದಕ್ಕೆ ಹೊಸಬ.

ವಿಂಡೋಸ್ 98ರ ಕಾಲದಲ್ಲಿ ಈ ಕಾಟ ಇರಲಿಲ್ಲ. ಒಂದು ಸಿ.ಡಿ., 25 ಅಕ್ಷರದ ಒಂದು ಕೀ (ಅಸಲಿ ಎಂದು ತೋರಿಸುವ ಸಂಕೇತ) ಇದ್ದರೆ ಬೀದಿಯ ಕಂಪ್ಯೂಟರಿಗೆಲ್ಲ ಹಾಕಬಹುದಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಆಕ್ಟಿವೇಶನ್ ಬಂತು. ಹಾರ್ಡ್‌ಡಿಸ್ಕ್, ಪ್ರೊಸೆಸರ್, ನೆಟ್‌ವರ್ಕ್ ಕಾರ್ಡ್ ಎಲ್ಲ ನೋಡಿ ಯಂತ್ರಕ್ಕೊಂದು ಗುರುತು ಮಾಡಿ, 30 ದಿನದೊಳಗೆ ಮೈಕ್ರೋಸಾಫ್ಟ್‌ಗೆ ತಿಳಿಸಬೇಕಿತ್ತು. ಇಂಟರ್ನೆಟ್ ಇಲ್ಲದವರು ಫೋನಿನಲ್ಲಿ ಉದ್ದನೆಯ ಅಂಕಿಸಾಲು ಒಪ್ಪಿಸಬೇಕಿತ್ತು. ಆದರೂ ಕಳ್ಳತನ ನಿಲ್ಲಲಿಲ್ಲ. ದೊಡ್ಡ ಕಂಪನಿಗಳಿಗೆ ಕೊಟ್ಟ ಕೀಗೆ ಆಕ್ಟಿವೇಶನ್ ಬೇಕಿರಲಿಲ್ಲ. ಅಂಥದ್ದೊಂದು ಕೀ ಎಕ್ಸ್‌ಪಿ ಅಂಗಡಿಗೆ ಬರುವ ಮೊದಲೇ ಹೊರಬಿದ್ದಿತ್ತು. ತೊಂದರೆ ಆಗಿದ್ದು ಜಾಸ್ತಿ ನಿಯತ್ತಿನವರಿಗೇ. 2007ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಸರ್ವರ್ ಎಡವಟ್ಟಿನಿಂದ ಸಾವಿರಾರು ಅಸಲಿ ವಿಂಡೋಸ್‌ಗಳು ನಕಲಿ ಅನಿಸಿಕೊಂಡವು.

ವಿಂಡೋಸ್ 8ರಿಂದ ಲ್ಯಾಪ್‌ಟಾಪ್ ಕಂಪನಿಗಳು ಕೀಯನ್ನು ಮದರ್‌ಬೋರ್ಡಿನ ಚಿಪ್ಪಿನಲ್ಲೇ ಬರೆದಿಡುತ್ತವೆ. ಬೋರ್ಡ್ ಹೋದರೆ ಕೀಯೂ ಹೋಯ್ತು.

ಈಗ ಹೀಗೆ ಮಾಡಿ. ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್‌ಗೆ ಹೋಗಿ ಟ್ರಬಲ್‌ಶೂಟ್ ಒತ್ತಿ. ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಎನ್ನುವ ಆಯ್ಕೆ ಸಿಗುತ್ತದೆ. ಮೊದಲು ಬಳಸುತ್ತಿದ್ದ ಮೈಕ್ರೋಸಾಫ್ಟ್ ಖಾತೆಯಿಂದಲೇ ಲಾಗಿನ್ ಆಗಿ. ಆಗದಿದ್ದರೆ ಬಿಲ್ ಹಿಡಿದು ಲ್ಯಾಪ್‌ಟಾಪ್ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ. ಕೆಟ್ಟ ಬೋರ್ಡಿನ ಬದಲಿಗೆ ಅದೇ ಮಾಡೆಲ್ಲಿನದು, ಇಲ್ಲವೇ ಕಂಪನಿಯೇ ಕೊಟ್ಟ ಸಮಾನ ಬೋರ್ಡ್ ಹಾಕಿದ್ದರೆ ಹೊಸ ಲೈಸೆನ್ಸ್ ಬೇಕಿಲ್ಲ. ಗಟ್ಟಿಯಾಗಿ ಕೇಳಿ, ಅದು ನಿಮ್ಮ ಹಕ್ಕು.

ಒಂದು ಮಾತ್ರ ಬೇಡ. ರಿಪೇರಿ ಅಂಗಡಿಯವರು ಪೆನ್‌ಡ್ರೈವ್ ಚುಚ್ಚಿ, “ಆಂಟಿವೈರಸ್ ಒಂದ್ನಿಮಿಷ ಆಫ್ ಮಾಡ್ತೀನಿ ಸಾರ್” ಅಂದರೆ ಅಲ್ಲೇ ತಡೆಯಿರಿ. ಅವರು ಹಾಕುವುದು ಕೀ ಇಲ್ಲದೆ ಕದ್ದು ಆಕ್ಟಿವೇಟ್ ಮಾಡುವ ‘ಆಕ್ಟಿವೇಟರ್’ ಪ್ರೋಗ್ರಾಂ. ಅಂಥವುಗಳಲ್ಲಿ ಎಷ್ಟೋ ಕಡೆ ಪಾಸ್‌ವರ್ಡ್ ಕದಿಯುವ ವೈರಸ್ ಅಡಗಿರುತ್ತದೆ. ಕಾವಲುಗಾರನನ್ನು ನೀವೇ ಮಲಗಿಸಿ ಬಾಗಿಲು ತೆರೆದ ಹಾಗೆ, ಅಲ್ವಾ? ಅದೇ ಯಂತ್ರದಲ್ಲಿ ನಿಮ್ಮ ಬ್ಯಾಂಕ್ ಖಾತೆಯೂ ತೆರೆಯುತ್ತೀರಿ.

ಅವಸರವೂ ಇಲ್ಲ. ಆ ಮಸುಕು ಬರಹ ಇದ್ದರೂ ಕೆಲಸ ನಡೆಯುತ್ತದೆ, ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವಾಲ್‌ಪೇಪರ್, ಬಣ್ಣ ಬದಲಿಸಲು ಮಾತ್ರ ಬಿಡುವುದಿಲ್ಲ.